ಕೀ ಸ್ಟ್ರೀಟ್‌ನ ಗ್ರನಾಡಾ: ಒಂದು ಟಿವಿ ಸ್ಟುಡಿಯೊ ಹುಟ್ಟಿದ್ದು, ಮುಚ್ಚಿದ್ದು

(ಇದು ಉಪನ್ಯಾಸದ ಬರಹ ರೂಪ. ಪರದೆ ಮೇಲೆ ಫೋಟೊ ತೋರಿಸುತ್ತಾ ಹೇಳಿದ ಮಾತುಗಳನ್ನು ಬಿಟ್ಟಿದ್ದೇನೆ, ಸಭೆಯಲ್ಲಿ ಬಂದ ಒಂದೆರಡು ಪ್ರಶ್ನೆಗಳನ್ನು ಸೇರಿಸಿದ್ದೇನೆ. ಉಳಿದದ್ದು ಹೆಚ್ಚೂಕಡಿಮೆ ಮಾತಾಡಿದ ಹಾಗೆಯೇ ಇದೆ.)

ಬ್ರಿಟಿಷ್ ಟಿವಿ ಅಂದ ತಕ್ಷಣ ನಮಗೆ ನೆನಪಾಗುವುದು ಬಿಬಿಸಿ, ಮತ್ತು ಲಂಡನ್. ಇವತ್ತು ಎರಡನ್ನೂ ಪಕ್ಕಕ್ಕಿಡೋಣ. ನಾನು ಹೇಳಲು ಹೊರಟಿರುವುದು ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿರುವ ಮ್ಯಾಂಚೆಸ್ಟರ್ ಊರಿನ ಕಥೆ. ಹತ್ತಿ ಗಿರಣಿ, ಮಳೆ, ಫುಟ್‌ಬಾಲ್ ಇವಕ್ಕೆ ಹೆಸರಾದ ಊರು. ಅಲ್ಲಿ ಕೀ ಸ್ಟ್ರೀಟ್ ಅಂತ ಒಂದು ರಸ್ತೆ ಇದೆ, ಇರ್ವೆಲ್ ನದಿಯ ಹತ್ತಿರ. ಆ ರಸ್ತೆಯಲ್ಲಿ 1956ರಿಂದ 2013ರವರೆಗೆ ಗ್ರನಾಡಾ ಟೆಲಿವಿಷನ್‌ನ ಸ್ಟುಡಿಯೊಗಳು ನಡೆದವು. ಐವತ್ತೇಳು ವರ್ಷ. ಆಮೇಲೆ ಮುಚ್ಚಿದರು, ಮಾರಿದರು, ಹೋದರು.

ಯಾಕೆ ಮುಚ್ಚಿದರು ಅಂತ ಕೇಳಿದರೆ ಸಿಗುವ ಸಿದ್ಧ ಉತ್ತರ ಏನು ಗೊತ್ತಲ್ವಾ? ಕಟ್ಟಡ ಹಳೆಯದಾಯಿತು, ಡಿಜಿಟಲ್ ಬಂತು, ಇಂಟರ್ನೆಟ್ ಬಂತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ನನಗೆ ಇದು ಅರ್ಧ ಉತ್ತರ ಅನಿಸುತ್ತದೆ. ಆ ಸ್ಟುಡಿಯೊ ಅಲ್ಲಿ ಹುಟ್ಟಿದ್ದೇ ಒಂದು ಸರ್ಕಾರಿ ನಿಯಮದಿಂದ. ಪ್ರದೇಶಕ್ಕೊಂದು ಕಂಪನಿ ಇರಬೇಕು ಅನ್ನುವ ನಿಯಮ. ಅದು ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತಾ ಬಂದ ಹಾಗೆ ಸ್ಟುಡಿಯೊಗೆ ಅಲ್ಲಿರಲು ಇದ್ದ ಕಾರಣವೂ ಕರಗಿತು. ಗೋಡೆ ಹಳತಾಗುವುದಕ್ಕೆ ಮೊದಲೇ.

ಶುರುವಿನಿಂದ ಬರೋಣ.

1954ರಲ್ಲಿ ಬ್ರಿಟನ್ ಸಂಸತ್ತು ಟೆಲಿವಿಷನ್ ಕಾಯ್ದೆ ಪಾಸು ಮಾಡಿತು. ಅಲ್ಲಿಯವರೆಗೆ ಟಿವಿ ಅಂದರೆ ಬಿಬಿಸಿ ಒಂದೇ, ಜಾಹೀರಾತು ಇಲ್ಲ. ಈ ಕಾಯ್ದೆಯಿಂದ ಐಟಿವಿ ಬಂತು, ಜಾಹೀರಾತಿನ ದುಡ್ಡಿನಲ್ಲಿ ನಡೆಯುವ ಚಾನೆಲ್. ಆದರೆ ಇಡೀ ದೇಶವನ್ನು ಒಂದೇ ಕಂಪನಿ ಕೈಗೆ ಕೊಡಲಿಲ್ಲ. ದೇಶವನ್ನು ಪ್ರದೇಶಗಳಾಗಿ ಹಂಚಿ, ಬೇರೆ ಬೇರೆ ಕಂಪನಿಗಳಿಗೆ ಲೈಸೆನ್ಸ್ ಕೊಟ್ಟರು. ಕೆಲವು ಕಡೆ ವಾರದ ದಿನಕ್ಕೆ ಒಬ್ಬರು, ವಾರಾಂತ್ಯಕ್ಕೆ ಇನ್ನೊಬ್ಬರು! ಲಂಡನ್‌ನಲ್ಲಿ 1955ರ ಸೆಪ್ಟೆಂಬರ್ 22ಕ್ಕೆ ಪ್ರಸಾರ ಶುರು. ಉತ್ತರ ಇಂಗ್ಲೆಂಡಿನ ಸೋಮವಾರದಿಂದ ಶುಕ್ರವಾರದ ಪಾಲು ಗ್ರನಾಡಾಗೆ ಬಂತು. ಶನಿವಾರ, ಭಾನುವಾರ ಎಬಿಸಿ ಅನ್ನುವ ಬೇರೆ ಕಂಪನಿಗೆ.

ಗ್ರನಾಡಾದ ಯಜಮಾನ ಸಿಡ್ನಿ ಬರ್ನ್‌ಸ್ಟೈನ್. ಈ ಮನುಷ್ಯನ ಬಗ್ಗೆ ಸ್ವಲ್ಪ ಹೇಳಲೇಬೇಕು. ಅಣ್ಣ ತಮ್ಮ ಇಬ್ಬರೂ, ಸಿಡ್ನಿ ಮತ್ತು ಸೆಸಿಲ್, ದಕ್ಷಿಣ ಇಂಗ್ಲೆಂಡಿನಲ್ಲಿ ಸಿನಿಮಾ ಥಿಯೇಟರ್‌ಗಳ ಸಾಲನ್ನೇ ನಡೆಸುತ್ತಿದ್ದರು. ಥಿಯೇಟರ್‌ಗಳಿಗೆ ಗ್ರನಾಡಾ ಅಂತ ಹೆಸರಿಟ್ಟದ್ದು ಸಿಡ್ನಿ ರಜೆಯಲ್ಲಿ ಸ್ಪೇನ್ ಸುತ್ತಿ ಬಂದ ಮೇಲೆ. ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಜೊತೆ ಸೇರಿ ಸಿನಿಮಾ ಕಂಪನಿ ಮಾಡಿದವರು. ರಾಜಕೀಯದಲ್ಲಿ ಎಡಪಂಥೀಯ, ಲೇಬರ್ ಪಕ್ಷದ ಕಡೆ. ತಮಾಷೆ ಏನೆಂದರೆ, ಪ್ರಸಾರ ಅನ್ನುವುದು ಖಾಸಗಿಯವರ ಕೈಗೆ ಹೋಗಬಾರದು ಅಂತ ಮೊದಲು ವಾದಿಸುತ್ತಿದ್ದವರು ಇವರೇ. ಕಾಯ್ದೆ ಬಂದೇ ಬರುತ್ತದೆ ಅಂತ ಖಚಿತವಾದಾಗ ಅರ್ಜಿ ಹಾಕಿದರು. ಇದನ್ನು ಸಮಯಸಾಧಕತನ ಅನ್ನಬಹುದು. ಬೇರೆಯವರು ಹಾಳು ಮಾಡುವ ಬದಲು ನಾನೇ ಚೆನ್ನಾಗಿ ಮಾಡುತ್ತೇನೆ ಅನ್ನುವ ಹಟ ಅಂತಲೂ ಅನ್ನಬಹುದು. ಆಮೇಲೆ ಅವರು ಮಾಡಿದ್ದನ್ನು ನೋಡಿದರೆ ನನಗೆ ಎರಡನೆಯದೇ ಜಾಸ್ತಿ ನಿಜ ಅನಿಸುತ್ತದೆ.

ಉತ್ತರವನ್ನೇ ಯಾಕೆ ಆರಿಸಿಕೊಂಡಿರಿ ಅಂತ ಕೇಳಿದಾಗ ಬರ್ನ್‌ಸ್ಟೈನ್ ಕೊಡುತ್ತಿದ್ದ ಉತ್ತರ ಪ್ರಸಿದ್ಧ. ಜನ ಎಲ್ಲಿ ಜಾಸ್ತಿ ಇದ್ದಾರೆ ಅನ್ನುವ ನಕ್ಷೆ ನೋಡಿ, ಮಳೆ ಎಲ್ಲಿ ಜಾಸ್ತಿ ಬೀಳುತ್ತದೆ ಅನ್ನುವ ನಕ್ಷೆಯನ್ನೂ ನೋಡಿ, ಟಿವಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ ಅಂತ. ಮಳೆ ಬಂದರೆ ಜನ ಮನೆಯಲ್ಲೇ ಕೂತು ಟಿವಿ ನೋಡುತ್ತಾರಲ್ಲ!

ಅರ್ಜಿ ಹಾಕಿ ಲೈಸೆನ್ಸ್ ಪಡೆದ ಕಂಪನಿಗಳಲ್ಲಿ ಹೆಚ್ಚಿನವರಿಗೆ ಲಂಡನ್ ಬಿಡಲು ಇಷ್ಟವಿರಲಿಲ್ಲ. ನಟರು ಅಲ್ಲಿ, ಬರಹಗಾರರು ಅಲ್ಲಿ, ಜಾಹೀರಾತು ಏಜೆನ್ಸಿಗಳು ಅಲ್ಲಿ. ಉತ್ತರದ ವಾರಾಂತ್ಯ ಸಿಕ್ಕಿದ ಎಬಿಸಿ ಮ್ಯಾಂಚೆಸ್ಟರ್‌ಗೆ ಬಂದರೂ ಹೊಸದು ಕಟ್ಟಲಿಲ್ಲ, ಡಿಡ್ಸ್‌ಬರಿಯಲ್ಲಿ ಒಂದು ಹಳೆಯ ಸಿನಿಮಾ ಥಿಯೇಟರನ್ನೇ ಸ್ಟುಡಿಯೊ ಮಾಡಿಕೊಂಡಿತು. ಬರ್ನ್‌ಸ್ಟೈನ್ ಹಾಗೆ ಮಾಡಲಿಲ್ಲ. ಮ್ಯಾಂಚೆಸ್ಟರ್ ನಗರಸಭೆಯಿಂದ ಕೀ ಸ್ಟ್ರೀಟ್‌ನ ಜಾಗವನ್ನು ಸುಮಾರು 82,000 ಪೌಂಡ್‌ಗೆ ಕೊಂಡು, ಟಿವಿಗೆಂದೇ ಹೊಸದಾಗಿ ಕಟ್ಟಿಸಿದರು. ಬಿಬಿಸಿಯ ಲಂಡನ್ ಟೆಲಿವಿಷನ್ ಸೆಂಟರ್ ಉದ್ಘಾಟನೆ ಆಗಿದ್ದು 1960ರಲ್ಲಿ. ಅದಕ್ಕೂ ಮೊದಲೇ ಇದು ಕೆಲಸ ಶುರು ಮಾಡಿತ್ತು. ವಾಸ್ತುಶಿಲ್ಪಿ ರಾಲ್ಫ್ ಟಬ್ಸ್. 1951ರಲ್ಲಿ ಲಂಡನ್‌ನಲ್ಲಿ ನಡೆದ ದೊಡ್ಡ ರಾಷ್ಟ್ರೀಯ ಪ್ರದರ್ಶನಕ್ಕೆ ಡೋಮ್ ಆಫ್ ಡಿಸ್ಕವರಿ ಅನ್ನುವ ಗುಮ್ಮಟ ಕಟ್ಟಿದವರು. ಮೊದಲ ಪ್ರಸಾರ 1956ರ ಮೇ 3.

ಸ್ಟುಡಿಯೊಗಳಿಗೆ ನಂಬರ್ ಹಾಕಿದ ರೀತಿ ಕೇಳಿ. 2, 4, 6, 8, 12. ಬರೀ ಸಮಸಂಖ್ಯೆ! ಸ್ಟುಡಿಯೊ ಒಂದು ಇಲ್ಲ, ಮೂರು ಇಲ್ಲ. ನಮ್ಮಲ್ಲಿ ಮೂರೇ ಕೋಣೆ ಇರುವ ಲಾಡ್ಜ್‌ನವರು ಬಾಗಿಲ ಮೇಲೆ 101 ಅಂತ ಬರೆದುಕೊಳ್ಳುವ ಹಾಗೆ, ಕೇಳಿದವರಿಗೆ ದೊಡ್ಡ ಸಂಸ್ಥೆ ಅನಿಸಲಿ ಅಂತ ಬರ್ನ್‌ಸ್ಟೈನ್ ಮಾಡಿದ ಉಪಾಯ ಇದು. ಇನ್ನೊಂದು ವಿಷಯ. ಅಧಿಕಾರಿಗಳ ಕೋಣೆಗಳಲ್ಲಿ ಪಿ.ಟಿ. ಬಾರ್ನಮ್ ಚಿತ್ರ ತೂಗುಹಾಕಿಸಿದ್ದರು. ಅಮೆರಿಕದ ಸರ್ಕಸ್ ಸಾಹುಕಾರ ಬಾರ್ನಮ್. ನೀವು ಎಷ್ಟೇ ಗಂಭೀರ ಕಾರ್ಯಕ್ರಮ ಮಾಡಿ, ಕೊನೆಗೆ ನಾವಿರುವುದು ಜನರನ್ನು ರಂಜಿಸುವ ಕಸುಬಿನಲ್ಲಿ ಅಂತ ನೆನಪಿರಲಿ ಅನ್ನುವುದಕ್ಕೆ. ಇದೇ ಮನುಷ್ಯ ಆಫೀಸಿನ ಗೋಡೆಗೆ ಚಿತ್ರಕಾರ ಫ್ರಾನ್ಸಿಸ್ ಬೇಕನ್‌ನ ವರ್ಣಚಿತ್ರ ಕೂಡ ಹಾಕಿಸಿದ್ದರು. ಸರ್ಕಸ್ಸೂ ಬೇಕು, ಬೇಕನ್ನೂ ಬೇಕು.

ಮೊದಲ ವರ್ಷ ಮಾತ್ರ ಪರಿಸ್ಥಿತಿ ಕೆಟ್ಟದಾಗಿತ್ತು. ಐಟಿವಿ ನೋಡಲು ಹೊಸ ಸೆಟ್ ಬೇಕು ಅಥವಾ ಹಳೆಯದನ್ನು ಬದಲಾಯಿಸಿಕೊಳ್ಳಬೇಕು. ನೋಡುಗರು ಕಡಿಮೆ, ಹಾಗಾಗಿ ಜಾಹೀರಾತೂ ಕಡಿಮೆ. ಗ್ರನಾಡಾ ದಿವಾಳಿ ಅಂಚಿಗೆ ಬಂತು. ಆಗ ಲಂಡನ್ನಿನ ಅಸೋಸಿಯೇಟೆಡ್ ರಿಡಿಫ್ಯೂಷನ್ ಕಂಪನಿ ಜೊತೆ ಗುಟ್ಟಾಗಿ ಒಂದು ಒಪ್ಪಂದ ಆಯಿತು. ನಷ್ಟದ ಭಾರ ನಾವು ಹೊರುತ್ತೇವೆ, ನಿಮ್ಮ ಜಾಹೀರಾತು ಆದಾಯದಲ್ಲಿ ಪಾಲು ಕೊಡಿ ಅಂತ. ಸ್ವಲ್ಪ ದಿನಕ್ಕೇ ಟಿವಿ ಜಾಹೀರಾತು ಬಂಗಾರದ ಗಣಿ ಆಯಿತು. ಆ ಒಪ್ಪಂದದಿಂದ ರಿಡಿಫ್ಯೂಷನ್‌ಗೆ ಸುಮಾರು 80 ಲಕ್ಷ ಪೌಂಡ್ ಹೋಯಿತಂತೆ. ಆ ಕಾಲದ 80 ಲಕ್ಷ! ಬರ್ನ್‌ಸ್ಟೈನ್ ಹೊಟ್ಟೆ ಎಷ್ಟು ಉರಿದಿರಬೇಕು. ಆದರೆ ಆ ಒಪ್ಪಂದ ಇಲ್ಲದಿದ್ದರೆ ಇವತ್ತು ಈ ಉಪನ್ಯಾಸವೇ ಇರುತ್ತಿರಲಿಲ್ಲ.

ಈಗ ಒಳಗೆ ಏನು ನಡೆಯಿತು ನೋಡೋಣ. ಎಲ್ಲ ಹೇಳಲು ಸಂಜೆ ಸಾಲದು. ಒಂದನ್ನು ಮಾತ್ರ ನಿಧಾನವಾಗಿ ಹೇಳುತ್ತೇನೆ, ಉಳಿದವನ್ನು ಓಡಿಸುತ್ತೇನೆ.

ಆ ಒಂದು ಯಾವುದು ಅಂತ ನಿಮಗೆ ಗೊತ್ತಿರಬಹುದು. ಕೊರೊನೇಷನ್ ಸ್ಟ್ರೀಟ್. 1960ರ ಡಿಸೆಂಬರ್ 9ಕ್ಕೆ ಶುರುವಾದ ಧಾರಾವಾಹಿ, ಇನ್ನೂ ನಡೆಯುತ್ತಿದೆ. ಪ್ರಪಂಚದಲ್ಲೇ ಅತಿ ದೀರ್ಘ ಕಾಲ ನಡೆದ ಟಿವಿ ಧಾರಾವಾಹಿ ಅಂತ 2010ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಬರೆದವನು ಟೋನಿ ವಾರೆನ್, ಆಗ ಅವನಿಗೆ 24 ವರ್ಷ. ಒಂದು ಬೀದಿ, ಒಂದು ಪಬ್, ಒಂದು ಮೂಲೆ ಅಂಗಡಿ, ಸಾಲುಮನೆಗಳು, ಅಲ್ಲಿನ ಕೂಲಿ ಕಾರ್ಮಿಕ ಸಂಸಾರಗಳು. ಅಷ್ಟೇ ಕಥೆ. ಜನ ಮಾತಾಡುವುದು ಆ ಊರಿನ ಇಂಗ್ಲಿಷ್, ಲಂಡನ್‌ನ ನಯ ನಾಜೂಕಿನ ಇಂಗ್ಲಿಷ್ ಅಲ್ಲ. ಇವತ್ತು ಇದರಲ್ಲಿ ಏನು ವಿಶೇಷ ಅನಿಸಬಹುದು. ಆಗ ಟಿವಿಯಲ್ಲಿ ಇಂಥ ಜನ ಬರುತ್ತಿದ್ದುದು ಹೆಚ್ಚಾಗಿ ತಮಾಷೆಗೆ, ಇಲ್ಲವೇ ಚಹಾ ತಂದುಕೊಡುವ ಪಾತ್ರಕ್ಕೆ.

ಕಂಪನಿಯೊಳಗೇ ದೊಡ್ಡವರಿಗೆ ಇದು ಇಷ್ಟವಾಗಲಿಲ್ಲ. ಬರ್ನ್‌ಸ್ಟೈನ್ ಕೂಡ ಮೂಗು ಮುರಿದರು. ಆಗ ಹ್ಯಾರಿ ಎಲ್ಟನ್ ಅನ್ನುವ ಕೆನಡಾದ ನಿರ್ಮಾಪಕ ಒಂದು ಕೆಲಸ ಮಾಡಿದ ಅಂತ ಹೇಳುತ್ತಾರೆ. ಪ್ರಯೋಗಕ್ಕೆಂದು ತೆಗೆದ ಕಂತನ್ನು ಕಟ್ಟಡದ ತುಂಬ ಟಿವಿ ಇಡಿಸಿ ಎಲ್ಲ ನೌಕರರಿಗೂ ತೋರಿಸಿದ. ಬಡಗಿಗಳು, ಟೈಪಿಸ್ಟ್‌ಗಳು, ಕ್ಯಾಂಟೀನಿನವರು. ಅವರೇ ಈ ಕಥೆಯ ಜನ ತಾನೆ? ಅವರಿಗೆ ಹಿಡಿಸಿತು. ಆಗ ಧಾರಾವಾಹಿಯ ಹೆಸರು ಫ್ಲೊರಿಜೆಲ್ ಸ್ಟ್ರೀಟ್ ಅಂತ ಇತ್ತು. ಅದು ಫಿನಾಯಿಲ್ ಹೆಸರಿನ ಹಾಗಿದೆಯಲ್ಲ ಅಂದವಳು ಚಹಾ ಕೊಡುವ ಹೆಂಗಸು ಅನ್ನುವುದು ಇನ್ನೊಂದು ಕಥೆ. ಹೆಸರು ಬದಲಾಯಿತು. 13 ಕಂತಿಗೆ ಒಪ್ಪಿಗೆ ಸಿಕ್ಕಿತು. ಮೊದಲ ಕಂತು ನೇರ ಪ್ರಸಾರ. ಆ ಕಂತಿನಲ್ಲಿ ಕಾಲೇಜು ಹುಡುಗ ಕೆನ್ ಬಾರ್ಲೊ ಆಗಿ ಬಂದ ವಿಲಿಯಂ ರೋಚ್, ಆರು ದಶಕ ದಾಟಿದರೂ ಅದೇ ಪಾತ್ರ ಬಿಟ್ಟಿಲ್ಲ.

ಈ ಧಾರಾವಾಹಿಯ ಬೀದಿ ಇದ್ದದ್ದು ಎಲ್ಲಿ ಅಂದರೆ, ಮೊದಲು ಸ್ಟುಡಿಯೊ ಒಳಗೇ. ಜಾಗ ಸಾಲದೆ ಮನೆಗಳನ್ನು ನಿಜವಾದ ಅಳತೆಯ ಮುಕ್ಕಾಲು ಭಾಗಕ್ಕೆ ಕಟ್ಟಿದ್ದರು. ರಸ್ತೆಯ ಕಲ್ಲುಹಾಸು ನೆಲದ ಮೇಲೆ ಬಳಿದ ಬಣ್ಣ. ಬೀದಿ ಚಿಕ್ಕದಲ್ಲವೇ, ಮಾಮೂಲಿ ಹೆಜ್ಜೆ ಹಾಕಿದರೆ ನಾಲ್ಕು ಮನೆ ಒಂದೇ ಉಸಿರಿಗೆ ದಾಟಿಬಿಡುತ್ತಿದ್ದರು. ಅದಕ್ಕೆ ನಟರು ಬೇಕೆಂದೇ ನಿಧಾನವಾಗಿ ನಡೆಯಬೇಕಿತ್ತು. ಹಳೆಯ ಕಂತುಗಳು ಸಿಕ್ಕಿದರೆ ಕಾಲುಗಳನ್ನು ಗಮನಿಸಿ ನೋಡಿ. 1968ರಲ್ಲಿ ಹತ್ತಿರದ ಹಳೆಯ ರೈಲ್ವೆ ಜಾಗದಲ್ಲಿ ಹೊರಾಂಗಣ ಸೆಟ್ ಹಾಕಿದರು. ಒಳಗಿದ್ದ ಮರದ ಮುಂಭಾಗಗಳನ್ನೇ ಹೊರಗೆ ತಂದು ನಿಲ್ಲಿಸಿದ್ದಷ್ಟೇ, ಮ್ಯಾಂಚೆಸ್ಟರ್ ಗಾಳಿ ಮಳೆಗೆ ಅವು ಎಷ್ಟು ದಿನ ತಡೆದಾವು? ಆಮೇಲೆ ಇಟ್ಟಿಗೆ ಬಂತು. 1982ರಲ್ಲಿ ಇನ್ನೂ ದೊಡ್ಡದಾಗಿ, ಪಕ್ಕದ ಸಾಲ್ಫರ್ಡ್‌ನಲ್ಲಿ ಕೆಡವಿದ ಹಳೆಯ ಮನೆಗಳ ಇಟ್ಟಿಗೆ ತಂದು ಹೊಸ ಬೀದಿ ಕಟ್ಟಿದರು. ಮೇ 5ರಂದು ರಾಣಿ ಎಲಿಜಬೆತ್ ಬಂದು ಉದ್ಘಾಟನೆ ಮಾಡಿದರು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಸಾಲ್ಫರ್ಡ್‌ನಲ್ಲಿ ಆರ್ಚಿ ಸ್ಟ್ರೀಟ್ ಅಂತ ನಿಜವಾದ ಬೀದಿ ಇತ್ತು, ಧಾರಾವಾಹಿಗೆ ಮಾದರಿ ಆಗಿದ್ದು ಅದೇ. ಕೊಳೆಗೇರಿ ತೆರವು ಕಾರ್ಯಕ್ರಮದಲ್ಲಿ ಅದನ್ನು ಕೆಡವಿದರು. ಅಂಥ ಸಾವಿರಾರು ಸಾಲುಮನೆಗಳು ಹೋದವು, ಜನರನ್ನು ಎತ್ತರದ ಫ್ಲ್ಯಾಟುಗಳಿಗೆ ಸಾಗಿಸಿದರು. ಅಸಲಿ ಬೀದಿ ಮಣ್ಣು ಸೇರಿತು, ಅದರ ನಕಲನ್ನು ಉದ್ಘಾಟಿಸಲು ರಾಣಿ ಬಂದರು. ಆ ಬೀದಿಯಲ್ಲಿ ಬದುಕಿದವರು ಇದನ್ನು ಟಿವಿಯಲ್ಲಿ ನೋಡಿ ಏನಂದುಕೊಂಡಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ.

ಉಳಿದದ್ದನ್ನು ಓಡಿಸುತ್ತೇನೆ ಅಂದೆ. 1958ರ ಫೆಬ್ರವರಿಯಲ್ಲಿ ರಾಚ್‌ಡೇಲ್ ಉಪಚುನಾವಣೆಯನ್ನು ಗ್ರನಾಡಾ ಟಿವಿಯಲ್ಲಿ ತೋರಿಸಿತು. ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಯಾರೂ ಆ ಧೈರ್ಯ ಮಾಡಿರಲಿಲ್ಲ, ಚುನಾವಣೆ ಸಮಯದಲ್ಲಿ ಟಿವಿ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವ ಭಯ. 1962ರ ಅಕ್ಟೋಬರ್ 17ಕ್ಕೆ ಸಂಜೆಯ ಒಂದು ಸ್ಥಳೀಯ ಕಾರ್ಯಕ್ರಮದಲ್ಲಿ ಲಿವರ್‌ಪೂಲಿನ ನಾಲ್ಕು ಹುಡುಗರು ಹಾಡಿ ಹೋದರು. ಬೀಟಲ್ಸ್ ಟಿವಿಯಲ್ಲಿ ಕಾಣಿಸಿಕೊಂಡಿದ್ದು ಅದೇ ಮೊದಲು. ಸ್ಥಳೀಯ ಕಾರ್ಯಕ್ರಮ ಅನ್ನುವ ಮಾತನ್ನು ಗಮನದಲ್ಲಿಡಿ, ಮತ್ತೆ ಅಲ್ಲಿಗೆ ಬರುತ್ತೇನೆ. ಅದೇ ವರ್ಷ ಯೂನಿವರ್ಸಿಟಿ ಚಾಲೆಂಜ್ ಅನ್ನುವ ಕ್ವಿಜ್ ಶುರುವಾಯಿತು. ಪರದೆಯಲ್ಲಿ ಒಂದು ತಂಡದ ತಲೆ ಮೇಲೆ ಇನ್ನೊಂದು ತಂಡ ಕೂತ ಹಾಗೆ ಕಾಣುತ್ತದೆ. ನಿಜದಲ್ಲಿ ಎರಡೂ ತಂಡ ಅಕ್ಕಪಕ್ಕ ಕೂತಿರುತ್ತವೆ, ಪರದೆಯನ್ನು ಅಡ್ಡಲಾಗಿ ಸೀಳಿ ಎರಡು ಕ್ಯಾಮೆರಾ ಚಿತ್ರ ಜೋಡಿಸುತ್ತಾರೆ ಅಷ್ಟೆ. ಮೇಲೆ ಕೂತವರು ಮೆಟ್ಟಿಲು ಹತ್ತಿ ಹೋಗಿದ್ದಾರೆ ಅಂತ ನಂಬಿದ ಎಷ್ಟೋ ಜನ ಇದ್ದರು.

1963ರಿಂದ 1998ರವರೆಗೆ ನಡೆದ ವರ್ಲ್ಡ್ ಇನ್ ಆ್ಯಕ್ಷನ್ ಅನ್ನುವ ತನಿಖಾ ಕಾರ್ಯಕ್ರಮದ ಬಗ್ಗೆ ಬೇರೆಯೇ ಉಪನ್ಯಾಸ ಬೇಕು. 1974ರ ಬರ್ಮಿಂಗ್‌ಹ್ಯಾಮ್ ಬಾಂಬ್ ಪ್ರಕರಣದಲ್ಲಿ ಆರು ಜನ ಜೈಲು ಸೇರಿದ್ದರು. ಅವರ ವಿರುದ್ಧದ ಸಾಕ್ಷ್ಯ ಎಷ್ಟು ಪೊಳ್ಳು ಅಂತ 1985ರಲ್ಲಿ ಈ ಕಾರ್ಯಕ್ರಮ ತೋರಿಸಿತು. ಅವರು ಬಿಡುಗಡೆಯಾಗಲು 1991 ಆಯಿತು. ಇನ್ನು ಸೆವೆನ್ ಅಪ್, 1964. ಏಳು ವರ್ಷದ 14 ಮಕ್ಕಳನ್ನು ಮಾತಾಡಿಸಿ, ಆಮೇಲೆ ಪ್ರತಿ ಏಳು ವರ್ಷಕ್ಕೊಮ್ಮೆ ಅವರನ್ನೇ ಹುಡುಕಿಕೊಂಡು ಹೋಗಿದ್ದು. 2019ರಲ್ಲಿ ಅವರಿಗೆ 63 ತುಂಬಿದಾಗಲೂ ಕಂತು ಬಂತು.

ನಮ್ಮ ಕಡೆಗೂ ಒಂದು ಕೊಂಡಿ ಇದೆ. 1984ರ ಜನವರಿಯಲ್ಲಿ ದಿ ಜ್ಯೂಯೆಲ್ ಇನ್ ದಿ ಕ್ರೌನ್ ಪ್ರಸಾರವಾಯಿತು, ಬ್ರಿಟಿಷ್ ಆಳ್ವಿಕೆಯ ಕೊನೆಯ ವರ್ಷಗಳ ಕಥೆ, 14 ಕಂತು. ಮೈಸೂರು, ಉದಯಪುರ, ಶಿಮ್ಲಾಗಳಲ್ಲಿ ಚಿತ್ರೀಕರಣ ಮಾಡಿದರು. ಒಳಾಂಗಣದ ಭಾರತವನ್ನು ಮಾತ್ರ ಮ್ಯಾಂಚೆಸ್ಟರ್‌ನಲ್ಲಿ ಕಟ್ಟಿದರು. ಬಾಗಿಲ ಹೊರಗೆ ಮೈಸೂರಿನ ಬಿಸಿಲು, ಒಳಗೆ ಕಾಲಿಟ್ಟರೆ ಕೀ ಸ್ಟ್ರೀಟ್‌ನ ದೀಪ! ಮಧ್ಯದಲ್ಲಿ ಮ್ಯಾಂಚೆಸ್ಟರ್ ಗೋದಾಮಿಗೆ ಬೆಂಕಿ ಬಿದ್ದು ಸೆಟ್ಟು, ಉಡುಪು ಸುಟ್ಟುಹೋದವು. ಮತ್ತೆ ಮಾಡಿಕೊಂಡು ಮುಗಿಸಿದರು.

ಸಭೆಯಲ್ಲಿ ಇಲ್ಲಿ ಒಬ್ಬರು ಕೈ ಎತ್ತಿದರು. ಖಾಸಗಿ ಕಂಪನಿ ಲಾಭ ನೋಡಿಕೊಳ್ಳುವುದು ಬಿಟ್ಟು ಯಾಕೆ ಇಂಥ ದುಬಾರಿ ಕೆಲಸಕ್ಕೆ ಕೈ ಹಾಕಿತು, ದೇಶಪ್ರೇಮವೇ, ಕಲಾಪ್ರೇಮವೇ ಅಂತ. ಒಳ್ಳೆಯ ಪ್ರಶ್ನೆ. ಪ್ರೇಮ ಇದ್ದಿರಬಹುದು. ಆದರೆ ನಿಯಮವೂ ಇತ್ತು. ಐಟಿವಿ ಲೈಸೆನ್ಸ್ ಶಾಶ್ವತ ಅಲ್ಲ. ಅವಧಿ ಮುಗಿದಾಗ ಲೈಸೆನ್ಸ್ ಕೊಡುವ ಪ್ರಾಧಿಕಾರ ಮತ್ತೆ ಅರ್ಜಿ ಕರೆಯುತ್ತಿತ್ತು. ನಿಮ್ಮ ಪ್ರದೇಶಕ್ಕೆ ಏನು ಮಾಡಿದಿರಿ, ಒಳ್ಳೆಯ ಕಾರ್ಯಕ್ರಮ ಏನು ಕೊಟ್ಟಿರಿ ಅಂತ ಕೇಳುತ್ತಿತ್ತು. ತೃಪ್ತಿ ಆಗದಿದ್ದರೆ ಲೈಸೆನ್ಸ್ ಕಿತ್ತು ಬೇರೆಯವರಿಗೆ. ಆ ಪ್ರದೇಶದಲ್ಲಿ ಟಿವಿ ಜಾಹೀರಾತು ಮಾರುವ ಹಕ್ಕು ಒಬ್ಬರಿಗೇ ಇದ್ದದ್ದರಿಂದ ದುಡ್ಡು ಹೊಳೆಯಂತೆ ಬರುತ್ತಿತ್ತು. ಅದನ್ನು ಉಳಿಸಿಕೊಳ್ಳಬೇಕಾದರೆ ಊರಿನಲ್ಲಿ ಖರ್ಚು ಮಾಡಬೇಕು, ಹೆಸರು ತರುವ ಕೆಲಸ ಮಾಡಬೇಕು. ಸ್ಥಳೀಯ ಕಾರ್ಯಕ್ರಮ ಅಂತ ಒಂದು ಇರಲೇಬೇಕಾಗಿದ್ದರಿಂದ ಬೀಟಲ್ಸ್‌ಗೆ ಅಲ್ಲಿ ಜಾಗ ಸಿಕ್ಕಿತು. ಲಂಡನ್‌ನಿಂದ ನಡೆಸುವ ಕಂಪನಿ ಬೀಟಲ್ಸ್ ಹಾಡುತ್ತಿದ್ದ ಲಿವರ್‌ಪೂಲಿನ ಒಂದು ನೆಲಮಾಳಿಗೆ ಕ್ಲಬ್‌ಗೆ ಕ್ಯಾಮೆರಾ ಕಳಿಸುತ್ತಿತ್ತೇ? ಸುಮ್ನೆ ಯೋಚಿಸಿ. ಅದೇ ಸ್ಥಳೀಯ ಸುದ್ದಿಯ ನಿರೂಪಕ ಟೋನಿ ವಿಲ್ಸನ್, 1978ರ ಸೆಪ್ಟೆಂಬರ್‌ನಲ್ಲಿ ಜಾಯ್ ಡಿವಿಷನ್ ಅನ್ನುವ ಮ್ಯಾಂಚೆಸ್ಟರ್ ಸಂಗೀತ ತಂಡವನ್ನು ಮೊದಲ ಸಲ ಟಿವಿಗೆ ತಂದ. ಹಗಲು ಸುದ್ದಿ ಓದಿ, ಉಳಿದ ಹೊತ್ತಿನಲ್ಲಿ ಫ್ಯಾಕ್ಟರಿ ರೆಕಾರ್ಡ್ಸ್ ಅನ್ನುವ ಸಂಗೀತ ಕಂಪನಿ ನಡೆಸುತ್ತಿದ್ದ ಪುಣ್ಯಾತ್ಮ. ಈ ಫ್ಯಾಕ್ಟರಿ ಹೆಸರು ಕಥೆಯ ಕೊನೆಗೆ ಮತ್ತೆ ಬರುತ್ತದೆ.

ಇನ್ನು ಇಳಿಯುವ ಕಾಲ.

1990ರ ಪ್ರಸಾರ ಕಾಯ್ದೆ ಲೈಸೆನ್ಸನ್ನು ಹರಾಜಿಗೆ ಇಟ್ಟಿತು. ಥ್ಯಾಚರ್ ಕಾಲದ ಯೋಚನೆ, ಯಾರು ಜಾಸ್ತಿ ದುಡ್ಡು ಕೊಡುತ್ತಾರೋ ಅವರಿಗೆ. ಜೊತೆಗೆ ಗುಣಮಟ್ಟದ ಒಂದು ಅರ್ಹತೆಯನ್ನೂ ಸೇರಿಸಿದರು. 1991ರ ಹರಾಜಿನಲ್ಲಿ ಗ್ರನಾಡಾ ವರ್ಷಕ್ಕೆ 90 ಲಕ್ಷ ಪೌಂಡ್ ಕೂಗಿತು. ಎದುರಾಳಿ ಕೂಗಿದ್ದು 3.5 ಕೋಟಿ! ಆದರೆ ಎದುರಾಳಿ ಗುಣಮಟ್ಟದ ಪರೀಕ್ಷೆಯಲ್ಲಿ ಬಿದ್ದರು, ಗ್ರನಾಡಾ ಉಳಿಯಿತು. ಹೊರಗಿನಿಂದ ನೋಡಿದರೆ ಗೆಲುವು. ಒಳಗೆ ಅಷ್ಟರಲ್ಲಿ ಲೆಕ್ಕ ಬದಲಾಗಿತ್ತು.

ಅದೇ ವರ್ಷ ಗ್ರನಾಡಾ ಗ್ರೂಪ್‌ಗೆ ಗೆರಿ ರಾಬಿನ್ಸನ್ ಮುಖ್ಯಸ್ಥರಾಗಿ ಬಂದರು, ಕ್ಯಾಂಟೀನ್ ಗುತ್ತಿಗೆಯ ಕಾಂಪಾಸ್ ಕಂಪನಿ ನಡೆಸಿದವರು. ಟಿವಿ ವಿಭಾಗ ಇನ್ನೂ ಜಾಸ್ತಿ ಲಾಭ ಕೊಡಬೇಕು ಅಂದರು. ಕಾರ್ಯಕ್ರಮಗಳ ಮೇಲೆ ಪ್ರಾಣ ಇಟ್ಟುಕೊಂಡಿದ್ದ ಟಿವಿ ವಿಭಾಗದ ಅಧ್ಯಕ್ಷ ಡೇವಿಡ್ ಪ್ಲೋರೈಟ್ 1992ರ ಫೆಬ್ರವರಿಯಲ್ಲಿ ಹೊರಬೀಳಬೇಕಾಯಿತು. ಸಿಟ್ಟಾದ ನಟ ಜಾನ್ ಕ್ಲೀಸ್ ರಾಬಿನ್ಸನ್‌ಗೆ ಒಂದು ಫ್ಯಾಕ್ಸ್ ಕಳಿಸಿದರು. ಅದರ ಮೊದಲ ಪದಗಳನ್ನು ಇಲ್ಲಿ ಹೇಳುವಂತಿಲ್ಲ, ಕೊನೆಯಲ್ಲಿ ಅಡುಗೆ ಕಂಟ್ರಾಕ್ಟರ್ ಅನ್ನುವ ಬೈಗುಳ ಇತ್ತು. ನಾವೆಲ್ಲ ನಗುತ್ತೇವೆ. ಆದರೆ ರಾಬಿನ್ಸನ್‌ರನ್ನು ಖಳನಾಯಕ ಮಾಡಿ ಕೂರಿಸುವುದು ನನಗೆ ಸರಿಯೆನಿಸುವುದಿಲ್ಲ. ಹರಾಜಿಗಿಟ್ಟ ವಸ್ತುವನ್ನು ವ್ಯಾಪಾರದ ಲೆಕ್ಕದಲ್ಲಿ ನೋಡಿದರು, ಅದು ಅವರ ಕೆಲಸ. ಹರಾಜಿಗಿಟ್ಟವರನ್ನು ಯಾರೂ ಫ್ಯಾಕ್ಸ್ ಕಳಿಸಿ ಬೈಯಲಿಲ್ಲ.

ಆಮೇಲೆ ಒಂದೊಂದೇ ಗೋಡೆ ಬಿತ್ತು, ಕಾನೂನಿನ ಗೋಡೆ. ಒಂದು ಕಂಪನಿ ಇನ್ನೊಂದನ್ನು ಕೊಳ್ಳಬಹುದು ಅಂತಾಯಿತು. 1994ರಲ್ಲಿ ಗ್ರನಾಡಾ ಲಂಡನ್ ವೀಕೆಂಡ್ ಟೆಲಿವಿಷನ್ ಅನ್ನು ನುಂಗಿತು. 1997ರಲ್ಲಿ ಯಾರ್ಕ್‌ಶೈರ್ ಮತ್ತು ಟೈನ್ ಟೀಸ್ ಕಂಪನಿಗಳನ್ನು. 2004ರಲ್ಲಿ ಕಾರ್ಲ್‌ಟನ್ ಅನ್ನುವ ಇನ್ನೊಂದು ಐಟಿವಿ ಕಂಪನಿ ಜೊತೆ ಸೇರಿ ಐಟಿವಿ ಪಿಎಲ್‌ಸಿ ಅನ್ನುವ ಒಂದೇ ಕಂಪನಿ ಆಯಿತು. ವಿಚಿತ್ರ ನೋಡಿ, ಎಲ್ಲರನ್ನೂ ನುಂಗಿ ಗೆದ್ದದ್ದು ಮ್ಯಾಂಚೆಸ್ಟರ್ ಕಂಪನಿ, ಆದರೆ ಗೆದ್ದ ಕಂಪನಿಯ ಮುಖ್ಯ ಕಚೇರಿ ಲಂಡನ್‌ನಲ್ಲಿ. ಅಷ್ಟು ಹೊತ್ತಿಗೆ ಗ್ರನಾಡಾ ಅನ್ನುವ ಹೆಸರು ಕೂಡ ಪರದೆಯಿಂದ ಹೆಚ್ಚುಕಡಿಮೆ ಹೋಗಿತ್ತು, 2002ರಿಂದ ಇಂಗ್ಲೆಂಡಿನ ಎಲ್ಲ ಕಡೆ ಐಟಿವಿ ಒಂದೇ ಹೆಸರು.

ಸ್ಟುಡಿಯೊ ಈ ನಡುವೆ ಇನ್ನೊಂದು ಅವತಾರ ಎತ್ತಿತ್ತು. 1988ರಲ್ಲಿ ಗ್ರನಾಡಾ ಸ್ಟುಡಿಯೊಸ್ ಟೂರ್ ಅಂತ ಪ್ರವಾಸಿ ತಾಣ ತೆರೆದರು. ಕೊರೊನೇಷನ್ ಸ್ಟ್ರೀಟ್‌ನಲ್ಲಿ ನಡೆದಾಡಬಹುದು, ಷರ್ಲಾಕ್ ಹೋಮ್ಸ್ ಧಾರಾವಾಹಿಗೆ ಕಟ್ಟಿದ ಬೇಕರ್ ಸ್ಟ್ರೀಟ್ ನೋಡಬಹುದು, ಸಂಸತ್ತಿನ ನಕಲು ಸಭಾಂಗಣದಲ್ಲಿ ಬೆಂಚಿನ ಮೇಲೆ ಕೂರಬಹುದು. 1999ರಲ್ಲಿ ಮುಚ್ಚುವ ಹೊತ್ತಿಗೆ 50 ಲಕ್ಷಕ್ಕೂ ಹೆಚ್ಚು ಜನ ಬಂದು ಹೋಗಿದ್ದರು. ಟಿವಿ ಮಾಡುವ ಜಾಗ, ಟಿವಿ ಮಾಡುವುದನ್ನು ತೋರಿಸಿ ದುಡಿಯುವ ಜಾಗವೂ ಆಗಿತ್ತು.

2010ರಲ್ಲಿ ಕೀ ಸ್ಟ್ರೀಟ್‌ನ ಆಫೀಸ್ ಕಟ್ಟಡ ಗ್ರನಾಡಾ ಹೌಸ್‌ನ ತಲೆಯ ಮೇಲಿದ್ದ ಕೆಂಪು ಅಕ್ಷರಗಳನ್ನು ತುಕ್ಕು ಹಿಡಿದಿವೆ ಅಂತ ಇಳಿಸಿದರು. ದೂರದಿಂದಲೇ ಕಾಣುತ್ತಿದ್ದ ಅಕ್ಷರಗಳು, ಊರಿನವರಿಗೆ ಅದೊಂದು ಗುರುತು. 2013ರ ಮಾರ್ಚ್‌ನಲ್ಲಿ ಸ್ಥಳೀಯ ಸುದ್ದಿ ಸಾಲ್ಫರ್ಡ್ ಕೀಸ್‌ನ ಮೀಡಿಯಾಸಿಟಿಗೆ ಹೋಯಿತು. ಹಳೆಯ ಹಡಗು ಧಕ್ಕೆಯ ಜಾಗದಲ್ಲಿ ಎದ್ದ ಹೊಸ ಬಡಾವಣೆ ಅದು, ಬಿಬಿಸಿ ಆಗಲೇ ಅಲ್ಲಿ ನೆಲೆ ನಿಂತಿತ್ತು. ಸೆಪ್ಟೆಂಬರ್‌ನಲ್ಲಿ ಕೀ ಸ್ಟ್ರೀಟ್ ಆಸ್ತಿಯನ್ನು ಅಲೈಡ್ ಲಂಡನ್ ಅನ್ನುವ ರಿಯಲ್ ಎಸ್ಟೇಟ್ ಕಂಪನಿ ಮತ್ತು ಮ್ಯಾಂಚೆಸ್ಟರ್ ನಗರಸಭೆ ಸೇರಿ 2.6 ಕೋಟಿ ಪೌಂಡ್‌ಗೆ ಕೊಂಡವು. ನಗರಸಭೆ 82,000ಕ್ಕೆ ಮಾರಿದ್ದ ಜಾಗ! ವರ್ಷದ ಕೊನೆಗೆ ಕೊರೊನೇಷನ್ ಸ್ಟ್ರೀಟ್ ಚಿತ್ರೀಕರಣವೂ ಅಲ್ಲಿ ನಿಂತಿತು. 2014ರ ಮಾರ್ಚ್‌ನಿಂದ ಜನ ನೋಡಿದ್ದು ಮ್ಯಾಂಚೆಸ್ಟರ್ ಪಕ್ಕದ ಟ್ರಾಫರ್ಡ್‌ನ ಹೊಸ ಬೀದಿ. ಖಾಲಿಯಾದ ಹಳೆಯ ಬೀದಿಯನ್ನು 2015ರ ಕೊನೆಯವರೆಗೆ ಟಿಕೆಟ್ ಇಟ್ಟು ತೋರಿಸಿದರು. ಆಮೇಲೆ ಅದನ್ನೂ ಕೆಡವಿದರು, ಆರ್ಚಿ ಸ್ಟ್ರೀಟ್ ಹಾಗೆಯೇ.

ಈಗ ಅಲ್ಲಿ ಸೇಂಟ್ ಜಾನ್ಸ್ ಅನ್ನುವ ಬಡಾವಣೆ. ಆಫೀಸು, ಮನೆ, ಹೋಟೆಲು. ಜೊತೆಗೆ ಒಂದು ಬೃಹತ್ ಕಲಾ ಕೇಂದ್ರ, ಒಎಂಎ ಅನ್ನುವ ವಾಸ್ತುಶಿಲ್ಪ ಸಂಸ್ಥೆಯ ವಿನ್ಯಾಸ. 2023ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯಿತು. ಮೊದಲು ಅಂದಾಜು ಮಾಡಿದ್ದು 11 ಕೋಟಿ ಪೌಂಡ್, ಖರ್ಚು ಅದರ ಎರಡರಷ್ಟನ್ನೂ ದಾಟಿತು. ಟೋನಿ ವಿಲ್ಸನ್‌ನ ಫ್ಯಾಕ್ಟರಿ ರೆಕಾರ್ಡ್ಸ್ ನೆನಪಿಗೆ ಅದಕ್ಕೆ ದಿ ಫ್ಯಾಕ್ಟರಿ ಅಂತ ಹೆಸರಿಟ್ಟಿದ್ದರು. ಖರ್ಚು ಏರಿದ ಮೇಲೆ ಕಟ್ಟಡದ ಹೆಸರನ್ನು ಅವೀವಾ ಅನ್ನುವ ವಿಮಾ ಕಂಪನಿಗೆ 3.5 ಕೋಟಿ ಪೌಂಡ್‌ಗೆ ಮಾರಿದರು. ಈಗ ಅದು ಅವೀವಾ ಸ್ಟುಡಿಯೊಸ್. ವಿಲ್ಸನ್ 2007ರಲ್ಲೇ ತೀರಿಕೊಂಡಿದ್ದ, ಇದ್ದಿದ್ದರೆ ಇದರ ಮೇಲೆ ಒಂದು ಒಳ್ಳೆಯ ಸುದ್ದಿ ತುಣುಕು ಮಾಡುತ್ತಿದ್ದನೇನೋ.

ಕೊನೆಗೆ ಒಬ್ಬ ಹುಡುಗಿ ಕೇಳಿದ ಪ್ರಶ್ನೆ. ನೀವು ಹೇಳುವ ಆ ನಿಯಮ ಪೂರ್ತಿ ಹೋಯಿತಾ, ಹಾಗಿದ್ದರೆ ಕೊರೊನೇಷನ್ ಸ್ಟ್ರೀಟ್ ಲಂಡನ್‌ಗೆ ಯಾಕೆ ಹೋಗಲಿಲ್ಲ? ಪೂರ್ತಿ ಹೋಗಿಲ್ಲ. ಬ್ರಿಟನ್ನಿನ ಪ್ರಸಾರ ನಿಯಂತ್ರಕ ಆಫ್‌ಕಾಮ್ ಐಟಿವಿಗೆ ಒಂದು ಷರತ್ತು ಇಟ್ಟಿದೆ. ಹೊಸದಾಗಿ ತಯಾರಿಸುವ ಕಾರ್ಯಕ್ರಮಗಳಲ್ಲಿ, ಗಂಟೆ ಲೆಕ್ಕದಲ್ಲೂ ಖರ್ಚಿನ ಲೆಕ್ಕದಲ್ಲೂ ಕನಿಷ್ಠ ಶೇ 35ರಷ್ಟು, ಲಂಡನ್ ಸುತ್ತುವ ಎಂ25 ವರ್ತುಲ ರಸ್ತೆಯ ಹೊರಗೆ ಆಗಬೇಕು. ವಾರ ವಾರ, ವರ್ಷವಿಡೀ ನಡೆಯುವ ಒಂದು ಧಾರಾವಾಹಿ ಮ್ಯಾಂಚೆಸ್ಟರ್ ಪಕ್ಕದಲ್ಲೇ ಇದ್ದರೆ ಆ ಲೆಕ್ಕದ ದೊಡ್ಡ ಪಾಲು ಅಲ್ಲೇ ತುಂಬುತ್ತದೆ. ಕೆನ್ ಬಾರ್ಲೊ ಇನ್ನೂ ಉತ್ತರದಲ್ಲಿರುವುದಕ್ಕೆ ಅಭಿಮಾನಿಗಳ ಪ್ರೀತಿಯಷ್ಟೇ ಈ ಶೇ 35 ಕೂಡ ಕಾರಣ. ಶೇ 35 ಮುಟ್ಟಿದ ಮೇಲೆ ಐಟಿವಿ ಇನ್ನೂ ಏನಾದರೂ ಉತ್ತರದಲ್ಲಿ ಮಾಡುತ್ತದಾ ಅಂತ ಅವಳು ಮತ್ತೆ ಕೇಳಿದಳು. ಯಾರ್ಕ್‌ಶೈರಿನಲ್ಲಿ ಎಮ್ಮರ್‌ಡೇಲ್ ಅನ್ನುವ ಇನ್ನೊಂದು ಹಳೆಯ ಧಾರಾವಾಹಿ ನಡೆಯುತ್ತಿದೆ, ಅಲ್ಲೂ ಇದೇ ಲೆಕ್ಕ ಹಾಕಿ ನೋಡು ಅಂದೆ.